ಗುಡ್ಡದ ಮೇಲಿನ ಕೋಟೆ, ಎತ್ತರದ ಬೆಲೆ: ಲುಬ್ಲಿಯಾನಾ ದುರ್ಗದ ಬಾಳು

ಕೋಟೆ ಮತ್ತು ದುರ್ಗ ಎಂಬ ಎರಡು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವಾದರೂ ಅವುಗಳ ಒಳಗಿರುವ ಚಿತ್ರಗಳು ಬೇರೆ ಬೇರೆ. ಕೋಟೆ ಎಂದೊಡನೆ ಮನಸ್ಸಿಗೆ ಬರುವುದು ಗೋಡೆ. ದುರ್ಗ ಎಂಬ ಪದದಲ್ಲಿ ಗೋಡೆಯೇ ಇಲ್ಲ. ‘ಹೋಗಲು ಕಷ್ಟವಾದದ್ದು’ ಎಂಬುದಷ್ಟೇ ಅದರ ಅರ್ಥ. ಹತ್ತುವವನ ಏದುಸಿರು, ಸೋಲುವ ಕಾಲು, ಮೇಲಿರುವವನು ತನ್ನನ್ನು ನೋಡುತ್ತಿದ್ದಾನೆ ಎಂಬ ಅಳುಕು, ಇವೆಲ್ಲ ಆ ಒಂದು ಪದದಲ್ಲಿ ಅಡಗಿವೆ. ಇಂದು ನಾನು ಮಾತನಾಡಲು ಆರಿಸಿಕೊಂಡಿರುವುದು ಮಧ್ಯ ಯೂರೋಪಿನ ಒಂದು ಪುಟ್ಟ ದುರ್ಗವನ್ನು ಕುರಿತು. ಅದು ದೊಡ್ಡ ಕಾಳಗಗಳಿಂದ ಹೆಸರಾದದ್ದಲ್ಲ. ಅಲ್ಲಿ ಸಿಂಹಾಸನವೇರಿ ಬಹುಕಾಲ ಆಳಿದ ರಾಜನ ಕಥೆಯೂ ಇಲ್ಲ. ಆದರೆ ಒಂಬತ್ತು ನೂರು ವರ್ಷಗಳಲ್ಲಿ ಅದು ಎಷ್ಟು ಬಗೆಯ ಕೆಲಸಗಳಿಗೆ ಒದಗಿತೆಂದರೆ, ಆ ಕೆಲಸಗಳ ಪಟ್ಟಿಯನ್ನೇ ಒಂದು ನಗರದ ಚರಿತ್ರೆ ಎಂದು ಓದಬಹುದು. ನಾನು ಆ ಪಟ್ಟಿಯನ್ನು ಹಿಡಿದು ಕೇಳಬಯಸುವ ಪ್ರಶ್ನೆ ಒಂದೇ: ಹತ್ತುವುದು ಕಷ್ಟ ಎಂಬ ಆ ಗುಡ್ಡದ ಗುಣಕ್ಕೆ ಯಾವ ಕಾಲದಲ್ಲಿ ಯಾರು ಏನು ಬೆಲೆ ಕಟ್ಟಿದರು?

ಆ ದುರ್ಗವಿರುವುದು ಸ್ಲೊವೇನಿಯಾ ದೇಶದ ರಾಜಧಾನಿ ಲುಬ್ಲಿಯಾನಾದಲ್ಲಿ. ದೇಶದ ಒಟ್ಟು ಜನಸಂಖ್ಯೆ ಸುಮಾರು 20 ಲಕ್ಷ. ರಾಜಧಾನಿಯದು 3 ಲಕ್ಷಕ್ಕೂ ಸ್ವಲ್ಪ ಕಡಿಮೆ, ಅಂದರೆ ನಮ್ಮ ಒಂದು ಮಧ್ಯಮ ಗಾತ್ರದ ಜಿಲ್ಲಾ ಕೇಂದ್ರದಷ್ಟು. ಕೋಟೆಯ ಗುಡ್ಡ ಸಮುದ್ರ ಮಟ್ಟದಿಂದ ಸುಮಾರು 376 ಮೀಟರ್ ಎತ್ತರದಲ್ಲಿದೆ ಎಂದು ಹೇಳಿದರೆ ಭಾರಿ ಎನ್ನಿಸಬಹುದು, ಆದರೆ ಕೆಳಗಿನ ಊರೇ 300 ಮೀಟರಿನ ಆಸುಪಾಸಿನಲ್ಲಿರುವುದರಿಂದ ನಿಜವಾಗಿ ಹತ್ತಬೇಕಾದದ್ದು 70-75 ಮೀಟರ್ ಮಾತ್ರ. ಬೆಟ್ಟ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಗುಡ್ಡ ಎಂದರೆ ಸರಿ. ಲುಬ್ಲಿಯಾನಿತ್ಸಾ ಎಂಬ ನದಿ ಗುಡ್ಡದ ಬುಡವನ್ನು ಬಳಸಿಕೊಂಡು ಹರಿಯುತ್ತದೆ, ಹಳೆಯ ಊರು ನದಿಗೂ ಗುಡ್ಡಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಬೆಳೆದಿದೆ.

ಇಷ್ಟು ಸಣ್ಣ ಗುಡ್ಡಕ್ಕೆ ಅಷ್ಟು ಮಹತ್ವ ಬಂದದ್ದು ಅದರ ಸುತ್ತಲಿನ ನೆಲದಿಂದಾಗಿ. ದಕ್ಷಿಣಕ್ಕೆ ವಿಸ್ತಾರವಾದ ಜೌಗು ಪ್ರದೇಶ, ಪಶ್ಚಿಮಕ್ಕೆ ರೋಜ್ನಿಕ್ ಎಂಬ ಇನ್ನೊಂದು ಗುಡ್ಡ. ಇಟಲಿಯ ಕಡೆಯಿಂದ ಡ್ಯಾನ್ಯೂಬ್ ನದಿಯ ಬಯಲಿಗೆ ಹೋಗುವ ದಾರಿ ಈ ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಗಿಲಿನ ಮೂಲಕವೇ ಹಾಯಬೇಕಾಗಿತ್ತು. ರೋಮನ್ನರು ತಮ್ಮ ಎಮೋನಾ ನಗರವನ್ನು ನದಿಯ ಎಡದಂಡೆಯಲ್ಲಿ, ಸಪಾಟು ನೆಲದ ಮೇಲೆ, ಚೌಕವಾಗಿ ಕಟ್ಟಿಕೊಂಡರು. ಸಾಮ್ರಾಜ್ಯದ ದಂಡು ಬೆನ್ನಿಗಿರುವಾಗ ನಗರವೊಂದು ಸಪಾಟು ನೆಲದಲ್ಲಿ ನೆಮ್ಮದಿಯಾಗಿರಬಹುದು. ಆ ಬಲ ಹೋದ ಮೇಲೆ ಬಂದವರಿಗೆ ಗುಡ್ಡ ಬೇಕಾಯಿತು.

ಪದಗಳ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಸ್ಲೊವೇನಿಯನ್ ಭಾಷೆಯಲ್ಲಿ ‘ಗ್ರಾಡ್’ ಎಂದರೆ ಕೋಟೆ. ಪಕ್ಕದ ಕ್ರೊಯೇಷಿಯಾ ಮತ್ತು ಸರ್ಬಿಯಾಗಳ ಭಾಷೆಯಲ್ಲಿ ಅದೇ ಪದಕ್ಕೆ ನಗರ ಎಂದು ಅರ್ಥ. ಬೆಲ್‌ಗ್ರೇಡ್ ನಗರದ ಹೆಸರಿನಲ್ಲಿ ಅದು ಈಗಲೂ ಉಳಿದಿದೆ. ಒಂದೇ ಪದ ಒಂದು ಕಡೆ ಗುಡ್ಡದ ನೆತ್ತಿಯಲ್ಲೇ ನಿಂತಿತು, ಇನ್ನೊಂದು ಕಡೆ ಕೆಳಗಿಳಿದು ಊರನ್ನೆಲ್ಲ ತಬ್ಬಿಕೊಂಡಿತು. ಲುಬ್ಲಿಯಾನಾದ ಚರಿತ್ರೆಯೂ ಮೇಲಿರುವುದು ಮತ್ತು ಕೆಳಗಿರುವುದು ಎಂಬ ಈ ಎರಡರ ನಡುವಿನ ಎಳೆದಾಟವೇ ಆಗಿದೆ.

ಈ ಕೋಟೆಯ ಹೆಸರು ಮೊದಲು ಕಾಣಿಸಿಕೊಳ್ಳುವುದು ಯುದ್ಧದ ಬರಹದಲ್ಲಿ ಅಲ್ಲ, ಒಂದು ದಾನದ ಲೆಕ್ಕದಲ್ಲಿ. ಇಟಲಿಯ ಉದಿನೆ ನಗರದ ಪ್ರಧಾನ ಚರ್ಚಿನ ದಫ್ತರದಲ್ಲಿರುವ ಚರ್ಮದ ಹಾಳೆಯೊಂದರಲ್ಲಿ, ಚರ್ಚಿಗೆ ದಾನ ಕೊಟ್ಟು ತೀರಿಕೊಂಡವರ ನೆನಪಿನ ನಡುವೆ, ರುಡಾಲ್ಫ್ ಎಂಬ ಸರದಾರನೊಬ್ಬ ಲುಬ್ಲಿಯಾನಾ ಕೋಟೆಯ ಬಳಿಯ 20 ಒಕ್ಕಲುಗಳನ್ನು ಬಿಟ್ಟುಕೊಟ್ಟ ವಿಷಯ ಬರುತ್ತದೆ. 1112 ಮತ್ತು 1125ರ ನಡುವೆ ನಡೆದದ್ದು ಇದು. ಒಂದು ಕೋಟೆಯ ಮೊದಲ ಗುರುತು ಅದರ ಗೋಡೆಗಳ ವರ್ಣನೆಯಾಗಿರದೆ ಅದರ ನೆರಳಿನಲ್ಲಿದ್ದ ಒಕ್ಕಲುಗಳ ಎಣಿಕೆಯಾಗಿರುವುದು ನನಗೆ ತಕ್ಕದ್ದಾಗಿಯೇ ತೋರುತ್ತದೆ, ಏಕೆಂದರೆ ಮಧ್ಯಯುಗದ ಸರದಾರನಿಗೆ ಕೋಟೆ ಎಂದರೆ ಕಲ್ಲಿನ ಕಟ್ಟಡವಷ್ಟೇ ಅಲ್ಲ, ಕೆಳಗಿನ ಹೊಲಗಳಿಂದ ಮೇಲಕ್ಕೆ ಬರುವ ಧಾನ್ಯದ ಹಾದಿಯೂ ಹೌದು.

ಒಡೆಯರ ಸರಣಿಯನ್ನು ಬೇಗ ದಾಟಿಬಿಡೋಣ. ಮೊದಲು ಶ್ಪಾನ್‌ಹೈಮ್ ಮನೆತನ, 1269ರಲ್ಲಿ ಅದರ ಕೊನೆಯ ದೊರೆ ಉಲ್ರಿಚ್ ತೀರಿಕೊಂಡ ಮೇಲೆ ಸ್ವಲ್ಪ ಕಾಲ ಬೊಹೀಮಿಯಾದ ರಾಜ ಒಟ್ಟೊಕಾರ್, ಬಳಿಕ ಕೈಬದಲಾವಣೆಗಳು, ಕೊನೆಗೆ 1335ರಲ್ಲಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನೆತನ. ಫ್ರೆಂಚರು ಬಂದುಹೋದ ನಾಲ್ಕೈದು ವರ್ಷಗಳನ್ನು ಬಿಟ್ಟರೆ 1918ರವರೆಗೂ ಹ್ಯಾಬ್ಸ್‌ಬರ್ಗರದೇ ಆಡಳಿತ. ಇಲ್ಲಿ ಗಮನಿಸಬೇಕಾದದ್ದು, ಸುಮಾರು ಆರು ಶತಮಾನಗಳ ಕಾಲ ಈ ಕೋಟೆಯ ಒಡೆಯ ಇಲ್ಲಿ ಇರಲೇ ಇಲ್ಲ ಎಂಬುದು. ಅವನು ವಿಯೆನ್ನಾದಲ್ಲೋ ಗ್ರಾಟ್ಸ್‌ನಲ್ಲೋ ಇರುತ್ತಿದ್ದ. ಇಲ್ಲಿದ್ದವರು ಅವನ ಪರವಾಗಿ, ಲುಬ್ಲಿಯಾನಾ ಸೇರಿದ್ದ ಕಾರ್ನಿಯೋಲಾ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು, ಕಾವಲುಗಾರರು ಮತ್ತು ಅವರ ಆಳುಕಾಳುಗಳು.

ಇಂದು ಕೆಳಗಿನಿಂದ ಕಾಣುವ ಕೋಟೆಯ ಆಕಾರ ಬಹುಪಾಲು ಹದಿನೈದನೆಯ ಶತಮಾನದ್ದು. ತುರ್ಕರ ದಾಳಿಗಳು ಕಾರ್ನಿಯೋಲಾದ ಹಳ್ಳಿಗಳನ್ನು ಸುಡುತ್ತಿದ್ದ ಕಾಲ ಅದು. ಜೊತೆಗೆ ನೆರೆಯ ತ್ಸೆಲ್ಯೆ ಊರಿನ ಸರದಾರರೊಂದಿಗಿನ ಜಗಳ ಬೇರೆ. ಚಕ್ರವರ್ತಿ ಮೂರನೆಯ ಫ್ರೆಡರಿಕ್‌ನ ಕಾಲದಲ್ಲಿ ಹಳೆಯ ಕೋಟೆಯ ಬಹುಭಾಗವನ್ನು ಕೆಡವಿ ಸುತ್ತುಗೋಡೆ, ಬುರುಜು, ಎಳೆಸೇತುವೆಯ ಹೆಬ್ಬಾಗಿಲುಗಳೊಂದಿಗೆ ಹೊಸದಾಗಿ ಕಟ್ಟಲಾಯಿತು. ಆಗ ಕಟ್ಟಿದ ಸಂತ ಜಾರ್ಜ್‌ನ ಪುಟ್ಟ ಪ್ರಾರ್ಥನಾ ಮಂದಿರ 1489ರಲ್ಲಿ ಪ್ರತಿಷ್ಠೆಯಾಯಿತು. ಡ್ರ್ಯಾಗನ್ನನ್ನು ಕೊಂದವನೆಂದು ಹೆಸರಾದ ಸಂತ ಗುಡ್ಡದ ಮೇಲೆ ನೆಲೆಸಿದ್ದಾನೆ. ಊರಿನ ಲಾಂಛನದಲ್ಲಿ ಮಾತ್ರ ಬಿಳಿಯ ಕೋಟೆಯ ನೆತ್ತಿಯ ಮೇಲೆ ಹಸಿರು ಡ್ರ್ಯಾಗನ್ ಇನ್ನೂ ಜೀವಂತವಾಗಿ ಕುಳಿತಿದೆ. ಈ ವೈರುಧ್ಯ ಊರಿನವರನ್ನು ಕಾಡಿದಂತೆ ಕಾಣುವುದಿಲ್ಲ.

ಆ ಮಂದಿರದೊಳಗೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆ. ಹೊರಗಿನ ಅಂಗಳದ ಬಿಸಿಲಿನಿಂದ ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ತುಸು ಸಮಯ ಬೇಕು. ಬಳಿಕ ಚಾವಣಿ, ಗೋಡೆಗಳ ಮೇಲೆಲ್ಲ ಬಣ್ಣದ ಗುರಾಣಿಗಳು ಒಂದೊಂದಾಗಿ ಮೂಡುತ್ತವೆ. ಕಾರ್ನಿಯೋಲಾವನ್ನು ಆಳಿದವರ ಮತ್ತು ಅವರ ಪರವಾಗಿ ಪ್ರಾಂತ್ಯವನ್ನು ನೋಡಿಕೊಂಡ ಅಧಿಕಾರಿಗಳ ಲಾಂಛನಗಳು ಅವು, 1747ರಲ್ಲಿ ಬರೆಸಿದವು. ಆ ಇಸವಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಷ್ಟು ಹೊತ್ತಿಗಾಗಲೇ ಪ್ರಾಂತ್ಯದ ದೊಡ್ಡವರು ಗುಡ್ಡದ ಮೇಲಿನ ಚಳಿ, ಗಾಳಿ, ಇಕ್ಕಟ್ಟುಗಳನ್ನು ಬಿಟ್ಟು ಕೆಳಗಿನ ಊರಿನ ಬೆಚ್ಚನೆಯ ಮನೆಗಳಿಗೆ ಇಳಿದು ಹೋಗಿದ್ದರು. ತಾವು ವಾಸಿಸಲು ಒಲ್ಲದ ಜಾಗದಲ್ಲಿ ತಮ್ಮ ಲಾಂಛನಗಳನ್ನು ಮಾತ್ರ ಬರೆಸಿಟ್ಟರು. ಎತ್ತರ ಎಂಬುದು ಅವರ ಪಾಲಿಗೆ ಇರುವ ತಾಣವಾಗಿ ಉಳಿದಿರಲಿಲ್ಲ, ಹೇಳಿಕೊಳ್ಳುವ ಗೌರವವಾಗಿ ಉಳಿದಿತ್ತು.

ಇದಕ್ಕೆ ಮದ್ದುಗುಂಡುಗಳೂ ಒಂದು ಕಾರಣ. ಬಿಲ್ಲು, ಈಟಿ, ಏಣಿಗಳ ಕಾಲದಲ್ಲಿ ಹತ್ತಲಾಗದ ಗುಡ್ಡವೇ ಅರ್ಧ ಗೆಲುವು. ಫಿರಂಗಿ ಬಂದ ಮೇಲೆ ಎತ್ತರವಾದ, ತೆಳುವಾದ, ನೆಟ್ಟಗೆ ನಿಂತ ಗೋಡೆ ದೂರದಿಂದಲೇ ಗುರಿಗೆ ಸಿಗುವ ವಸ್ತುವಾಯಿತು. ಹೊಸ ಕಾಲದ ರಕ್ಷಣಾ ಶಿಲ್ಪಿಗಳಿಗೆ ಬೇಕಾದದ್ದು ತಗ್ಗಾದ, ದಪ್ಪನೆಯ, ಮಣ್ಣು ತುಂಬಿದ, ಕೋನ ಕೋನವಾದ ಗೋಡೆಗಳು. ಅವನ್ನು ಹರಡಿ ಕಟ್ಟಲು ಕಡಿದಾದ ನೆತ್ತಿಯ ಮೇಲೆ ಜಾಗವಿರಲಿಲ್ಲ. ಹೀಗಾಗಿ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಕೋಟೆ ಸೇನೆಯ ಉಗ್ರಾಣವಾಯಿತು, ಆಮೇಲೆ ಸೈನಿಕರ ಆಸ್ಪತ್ರೆಯೂ ಆಯಿತು. ಉಗ್ರಾಣದ ಮಾತು ಸರಿ. ಮದ್ದುಗುಂಡುಗಳನ್ನು ಊರಿನಿಂದ ದೂರವಿಡುವುದು ವಿವೇಕ. ಆದರೆ ಗಾಯಾಳುಗಳನ್ನು ಕಡಿದಾದ ದಾರಿಯಲ್ಲಿ ಹೊತ್ತು ಮೇಲೊಯ್ಯುವ ಆಸ್ಪತ್ರೆಯನ್ನು ಕಲ್ಪಿಸಿಕೊಂಡಾಗ, ರೋಗಿಗಳ ಅನುಕೂಲವನ್ನು ಆ ಏರ್ಪಾಡಿನಲ್ಲಿ ಯಾರೂ ಮೊದಲಿಗೆ ಇಟ್ಟಂತೆ ತೋರುವುದಿಲ್ಲ. ಖಾಲಿ ಬಿದ್ದ ಕಟ್ಟಡವೊಂದು ಸರ್ಕಾರದ ಕೈಯಲ್ಲಿದ್ದರೆ ಅದರಲ್ಲಿ ಏನನ್ನಾದರೂ ತುಂಬುವ ಅಭ್ಯಾಸ ಎಲ್ಲ ಕಾಲಕ್ಕೂ ಒಂದೇ.

1809ರಲ್ಲಿ ನೆಪೋಲಿಯನ್ ಆಸ್ಟ್ರಿಯಾವನ್ನು ಸೋಲಿಸಿ, ಏಡ್ರಿಯಾಟಿಕ್ ತೀರದುದ್ದಕ್ಕೂ ಇಲ್ಲೀರಿಯನ್ ಪ್ರಾಂತ್ಯಗಳು ಎಂಬ ಹೊಸ ಆಡಳಿತವನ್ನು ನಿರ್ಮಿಸಿ, ಲುಬ್ಲಿಯಾನಾವನ್ನು ಅದರ ರಾಜಧಾನಿಯಾಗಿಸಿದ. ಫ್ರೆಂಚರ ಆಳ್ವಿಕೆ 1813ರಲ್ಲಿ ಮುಗಿಯಿತು. ಆಸ್ಟ್ರಿಯಾದ ಆಡಳಿತ ಮರಳಿ ಬಂದು, 1815ರಿಂದ ಕೋಟೆಯನ್ನು ಪ್ರಾಂತ್ಯದ ಸೆರೆಮನೆಯಾಗಿ ಮಾಡಿತು. ಮುಂದಿನ 80 ವರ್ಷ ಅದು ಸೆರೆಮನೆಯಾಗಿಯೇ ಇತ್ತು.

ಈ 80 ವರ್ಷಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ದುರ್ಗದ ಅರ್ಥವೇ ಇಲ್ಲಿ ತಿರುವುಮುರುವಾಗುತ್ತದೆ. ಹೊರಗಿನವರು ಒಳಗೆ ಬರಬಾರದೆಂದು ಕಟ್ಟಿದ ಗೋಡೆ ಒಳಗಿನವರು ಹೊರಗೆ ಹೋಗಬಾರದೆಂಬ ಕೆಲಸಕ್ಕೆ ಬಿತ್ತು, ಒಂದು ಕಲ್ಲನ್ನೂ ಅಲುಗಿಸದೆ. ಬಾಣ ಬಿಡಲೆಂದು ಬಿಟ್ಟಿದ್ದ ಸೀಳುಗಂಡಿ ಕೈದಿಯ ಪಾಲಿಗೆ ಬೆಳಕಿನ ಗೆರೆಯಾಯಿತು. ಹತ್ತುವುದರ ಕಷ್ಟ ಶತ್ರುವಿನಿಂದ ರಕ್ಷಣೆ ಕೊಡುತ್ತಿದ್ದದ್ದು ಈಗ ಕೈದಿಯ ಮನೆಯವರನ್ನು ದೂರವಿಟ್ಟಿತು. ಇನ್ನೊಂದು ಪರಿಣಾಮವೂ ಇದೆ, ಅದು ಬಹುಶಃ ಆಡಳಿತಕ್ಕೆ ಇನ್ನೂ ಹೆಚ್ಚು ಪ್ರಯೋಜನಕರವಾಗಿತ್ತು: ಕೆಳಗಿನ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಸೆರೆಮನೆ ಕಾಣುತ್ತಿತ್ತು. ತರಕಾರಿ ಕೊಳ್ಳುವಾಗ, ಚರ್ಚಿನಿಂದ ಹೊರಬರುವಾಗ, ಸೇತುವೆ ದಾಟುವಾಗ ಕಾನೂನು ತಲೆಯ ಮೇಲೆಯೇ ಕುಳಿತಿತ್ತು.

1821ರ ಆರಂಭದ ತಿಂಗಳುಗಳಲ್ಲಿ ಇದೇ ಊರಿನಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಒಂದನೆಯ ಫ್ರಾನ್ಸಿಸ್, ರಷ್ಯಾದ ಝಾರ್ ಒಂದನೆಯ ಅಲೆಕ್ಸಾಂಡರ್ ಮತ್ತು ಅವರ ಮಂತ್ರಿಗಳು ಸೇರಿ, ನೇಪಲ್ಸ್‌ನಲ್ಲಿ ಸಂವಿಧಾನ ಬೇಕೆಂದು ಎದ್ದ ದಂಗೆಯನ್ನು ಅಡಗಿಸಲು ಆಸ್ಟ್ರಿಯಾದ ಸೇನೆಯನ್ನು ಕಳಿಸುವುದನ್ನು ತೀರ್ಮಾನಿಸಿದರು. ಆ ಸಭೆಯ ನೆನಪಿಗೆ ಊರಿನ ನಡುವಣ ಚೌಕವನ್ನು ಈಗಲೂ ಕಾಂಗ್ರೆಸ್ ಚೌಕ ಎನ್ನುತ್ತಾರೆ. ಅಲ್ಲಿ ನಿಂತು ನೋಡಿದರೆ ಕೋಟೆ ನೇರವಾಗಿ ಎದುರಿಗೆ ಕಾಣುತ್ತದೆ. ಕೆಳಗೆ ಯೂರೋಪಿನ ಸ್ವಾತಂತ್ರ್ಯಕ್ಕೆ ಎಷ್ಟು ಹಗ್ಗ ಬಿಡಬೇಕೆಂದು ದೊರೆಗಳು ಅಳೆಯುತ್ತಿದ್ದಾಗ ಮೇಲೆ ಸೆರೆಮನೆ ತುಂಬಿತ್ತು ಎಂಬುದು ಯಾರೂ ಬೇಕೆಂದು ಜೋಡಿಸಿದ ಚಿತ್ರವಲ್ಲ, ಆದರೂ ಆ ಚೌಕದಲ್ಲಿ ನಿಂತವನಿಗೆ ಅದನ್ನು ಮರೆಯುವುದು ಕಷ್ಟ.

ಆ ಸೆರೆಮನೆಯ ಹೆಸರಾಂತ ಕೈದಿ ಹಂಗೇರಿಯ ಮೊದಲ ಪ್ರಧಾನಿ ಲಾಯೋಶ್ ಬಟ್ಯಾನಿ. 1848ರ ಕ್ರಾಂತಿಯಲ್ಲಿ ಅಧಿಕಾರಕ್ಕೆ ಬಂದು, 1849ರ ಜನವರಿಯಲ್ಲಿ ಬಂಧಿತನಾದ ಅವನನ್ನು ಸ್ವಲ್ಪ ಕಾಲ ಇಲ್ಲಿ ಇರಿಸಿ, ಬಳಿಕ ಬೇರೆಡೆಗೆ ಒಯ್ದು, ಕೊನೆಗೆ ಅದೇ ವರ್ಷ ಅಕ್ಟೋಬರ್ 6ರಂದು ಪೆಸ್ಟ್ ನಗರದಲ್ಲಿ ಗುಂಡಿಟ್ಟು ಕೊಂದರು. ಹೆಸರಿಲ್ಲದ ಕೈದಿಗಳು ಅವನಿಗಿಂತ ಎಷ್ಟೋ ಪಾಲು ಹೆಚ್ಚು ಕಾಲ ಅಲ್ಲಿ ಕಳೆದರು. ಈಗ ಪ್ರವಾಸಿಗರಿಗೆ ತೋರಿಸುವ ಕೋಣೆಗಳಲ್ಲಿ ಒಂದರೊಳಗೆ ಹೋಗಿ ನಿಂತಾಗ ನನ್ನ ಗಮನ ಸೆಳೆದದ್ದು ಅದರ ಕಿರಿದು ಅಳತೆಯಲ್ಲ, ಗೋಡೆಯ ದಪ್ಪ. ಕಿಟಕಿಯಂತಿರುವ ಆ ಕಿಂಡಿಯೊಳಗೆ ಕೈಯನ್ನು ಪೂರ್ತಿ ಚಾಚಿದರೂ ಬೆರಳಿನ ತುದಿ ಹೊರಗಿನ ಗಾಳಿಗೆ ತಾಗಲಿಲ್ಲ. ಊರಿನ ಗಂಟೆಯ ಸದ್ದು ಮಾತ್ರ ನಿಚ್ಚಳವಾಗಿ ಬರುತ್ತಿತ್ತು. ಎತ್ತರದಲ್ಲಿದ್ದೂ ಏನನ್ನೂ ಕಾಣಲಾಗದ ಸ್ಥಿತಿ ಅದು.

ಅದೇ ಗೋಡೆಗಳ ನಡುವೆ, ಅದೇ ಕಾಲದಲ್ಲಿ, ಎಲ್ಲವನ್ನೂ ಕಾಣುವುದೇ ಉದ್ಯೋಗವಾಗಿದ್ದ ಒಬ್ಬ ಮನುಷ್ಯನೂ ಇದ್ದ. 1848ರಲ್ಲಿ ಕೋಟೆಯಲ್ಲಿ ಒಂದು ವೀಕ್ಷಣಾ ಗೋಪುರ ಎದ್ದಿತು, ಅದರಲ್ಲಿ ಕಾವಲುಗಾರನೊಬ್ಬ ವಾಸವಾಗಿದ್ದ. ಊರಿನಲ್ಲಿ ಎಲ್ಲಾದರೂ ಹೊಗೆ ಎದ್ದರೆ ಫಿರಂಗಿ ಹಾರಿಸಿ ಎಚ್ಚರಿಸುವುದು ಅವನ ಕೆಲಸ. ದೊಡ್ಡ ಅತಿಥಿಗಳು ಊರಿಗೆ ಬಂದಾಗಲೂ, ವಿಶೇಷ ದಿನಗಳಲ್ಲಿಯೂ ಫಿರಂಗಿ ಮೊಳಗಿಸಬೇಕಾಗಿತ್ತು. ಮರದ ತೊಲೆ, ಒತ್ತೊತ್ತಾದ ಚಾವಣಿಗಳ ಹಳೆಯ ಊರಿಗೆ ಬೆಂಕಿಯಷ್ಟು ದೊಡ್ಡ ಶತ್ರು ಬೇರೊಂದಿರಲಿಲ್ಲ. ಆ ಗುಡ್ಡ ನಾನು ಮೇಲೆ ಹೇಳಿದ ಎಲ್ಲ ಕೆಲಸಗಳಲ್ಲಿ ಊರಿನ ಜನಕ್ಕೆ ನೇರವಾಗಿ ಉಪಕಾರವಾದದ್ದು ಬಹುಶಃ ಇದೊಂದೇ. ಶತ್ರುವಿನ ಮೇಲೆ ಹಾರಿಸಲೆಂದು ಮೇಲೇರಿದ್ದ ಫಿರಂಗಿ ಕೊನೆಗೆ ನೀರಿನ ಕೊಡಗಳನ್ನು ಹಿಡಿದು ಓಡಿಬನ್ನಿ ಎಂದು ಕರೆಯುವ ದನಿಯಾಯಿತು.

1895ರ ಏಪ್ರಿಲ್ 14, ಈಸ್ಟರ್ ದಿನದ ರಾತ್ರಿ, ಲುಬ್ಲಿಯಾನಾದಲ್ಲಿ ಭಾರಿ ಭೂಕಂಪವಾಯಿತು. ಸತ್ತವರು ಕಡಿಮೆ, ಬಿದ್ದ ಮತ್ತು ಬಿರುಕುಬಿಟ್ಟ ಮನೆಗಳು ಬಹಳ. ಕೆಳಗಿನ ಊರು ಅದರಿಂದ ಹೊಸ ರೂಪ ಪಡೆಯಿತು. ಅಗಲವಾದ ಬೀದಿಗಳು, ಹೊಸ ಶೈಲಿಯ ಮನೆಗಳು, 1901ರಲ್ಲಿ ಡ್ರ್ಯಾಗನ್ ಸೇತುವೆ. ಮೇಲಿನ ಸೆರೆಮನೆ ಭೂಕಂಪದ ವರ್ಷಕ್ಕೇ ಕೊನೆಗೊಂಡಿತು. ಬಿರುಕುಬಿಟ್ಟ, ಯಾರಿಗೂ ಬೇಡವಾದ ಕಟ್ಟಡವನ್ನು 1905ರಲ್ಲಿ ನಗರಸಭೆ 60,200 ಕ್ರೋನ್‌ಗೆ (ಆಗಿನ ಆಸ್ಟ್ರಿಯಾದ ನಾಣ್ಯ) ಕೊಂಡುಕೊಂಡಿತು. ಕೊಂಡದ್ದರ ಹಿಂದಿದ್ದವರು ಮೇಯರ್ ಇವಾನ್ ಹ್ರಿಬಾರ್. ಭೂಕಂಪದ ಬಳಿಕ ಊರನ್ನು ಎತ್ತಿ ನಿಲ್ಲಿಸಿದವರು ಎಂದು ಅವರಿಗೆ ಹೆಸರು. ಕೋಟೆಯಲ್ಲಿ ವಸ್ತುಸಂಗ್ರಹಾಲಯ ಮಾಡಬೇಕೆಂಬುದು ಅವರ ಆಸೆ.

ಆದದ್ದು ಬೇರೆ. ನಗರಸಭೆ ಮನೆಯಿಲ್ಲದ ಬಡ ಕುಟುಂಬಗಳನ್ನು ಅಲ್ಲಿ ಇರಿಸಿತು, ಆ ಕುಟುಂಬಗಳು 1960ರ ದಶಕದ ಆರಂಭದವರೆಗೂ ಅಲ್ಲಿಯೇ ಇದ್ದವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ವಠಾರವಾಗಿತ್ತು.

ಕೋಟೆಯ ಬಗ್ಗೆ ಬರೆದ ಬಹಳಷ್ಟು ಬರಹಗಳು ಈ ಅವಧಿಯನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ಎರಡು ಮುಖ್ಯ ಅಧ್ಯಾಯಗಳ ನಡುವಿನ ಬಿಡುವು ಎಂಬಂತೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಕೋಟೆಯ ಒಂಬತ್ತು ಶತಮಾನಗಳಲ್ಲಿ ಊರಿನ ಸಾಮಾನ್ಯ ಕುಟುಂಬಗಳು ಅಲ್ಲಿ ಗೂಡು ಕಟ್ಟಿಕೊಂಡು, ಅಡುಗೆ ಮಾಡಿಕೊಂಡು, ಮಕ್ಕಳನ್ನು ಬೆಳೆಸಿಕೊಂಡು, ಬಟ್ಟೆ ಒಣಗಿಸಿಕೊಂಡು ಬಾಳಿದ್ದು ಆಗಲೇ. ಸರದಾರರು ಕೆಳಗಿಳಿದು ಹೋದರು, ಕೈದಿಗಳು ಬಲವಂತಕ್ಕೆ ಬಂದರು, ಸೈನಿಕರು ಆಜ್ಞೆಗೆ ಬಂದರು. ಈ ಕುಟುಂಬಗಳು ಮಾತ್ರ ಬಾಳಲೆಂದೇ ಬಂದವು. ಗುಡ್ಡದ ಬೆಲೆ ಎಷ್ಟು ಎಂಬ ನಮ್ಮ ಪ್ರಶ್ನೆಗೆ ಅವರಷ್ಟು ಖಚಿತವಾಗಿ ಉತ್ತರಿಸಬಲ್ಲವರು ಯಾರೂ ಇಲ್ಲ. ಚಳಿಗಾಲದಲ್ಲಿ ಹಿಮ ಬಿದ್ದ ಕಡಿದಾದ ದಾರಿಯಲ್ಲಿ ಸೌದೆ, ಹಿಟ್ಟು, ಕೂಸು ಎಲ್ಲವನ್ನೂ ಹೊತ್ತು ಮೇಲೇರಬೇಕು. ಕೆಲಸಕ್ಕೆ ಕೆಳಗಿಳಿಯಬೇಕು, ದಣಿದ ಮೇಲೆ ಮತ್ತೆ ಹತ್ತಬೇಕು. ಒಂದು ಕಾಲಕ್ಕೆ ಚಕ್ರವರ್ತಿಗಳು ದುಡ್ಡು ಸುರಿದು ಪಡೆದ ಎತ್ತರ ಈಗ ಬಡವರಿಗೆ ಸಿಗಲು ಕಾರಣ, ಹತ್ತುವ ಶ್ರಮವನ್ನು ಒಪ್ಪಿಕೊಳ್ಳಲು ಬೇರೆ ಯಾರೂ ಸಿದ್ಧರಿರಲಿಲ್ಲ ಎಂಬುದೇ. ಇನ್ನೊಂದು ಮಾತನ್ನೂ ಸೇರಿಸಬೇಕು. ಒಲೆ ಉರಿಯದ, ಯಾರೂ ಕಸ ಗುಡಿಸದ, ಸೋರುವ ಹೆಂಚನ್ನು ಯಾರೂ ಸರಿಸಿಡದ ಕಲ್ಲಿನ ಕಟ್ಟಡ ಎಷ್ಟು ಬೇಗ ಹಾಳಾಗುತ್ತದೆ ಎಂಬುದು ಪಾಳುಬಿದ್ದ ಮನೆಯನ್ನು ಕಂಡ ಎಲ್ಲರಿಗೂ ಗೊತ್ತು. ಜನವಾಸವಿದ್ದದ್ದರಿಂದಲೇ ಲುಬ್ಲಿಯಾನಾದ ಕೋಟೆ ಕಲ್ಲುರಾಶಿಯಾಗದೆ ಉಳಿಯಿತೆಂದು ನಾನು ನಂಬುತ್ತೇನೆ.

ಆ ನಡುವೆಯೇ ಮಹಾಯುದ್ಧ ಬಂದಾಗ ಕೋಟೆಯ ಹಳೆಯ ಚಾಳಿ ಮರಳಿತು. 1914ರ ಆಗಸ್ಟ್‌ನಲ್ಲಿ ಸ್ಲೊವೇನಿಯನ್ ಸಾಹಿತ್ಯದ ಅತಿ ದೊಡ್ಡ ಗದ್ಯಲೇಖಕರಾದ ಇವಾನ್ ತ್ಸಾಂಕಾರ್ ಅವರನ್ನು ಸರ್ಬಿಯಾ ಪರ ನಿಲುವಿನವರೆಂಬ ಸಂಶಯದ ಮೇಲೆ ಬಂಧಿಸಿ ಇಲ್ಲಿ ಇರಿಸಿದರು; ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಬಡವರ ಬದುಕನ್ನೇ ಬರೆದ ಲೇಖಕನ ಸೆರೆಮನೆ ಬಡವರ ವಠಾರದ ಗುಡ್ಡದಲ್ಲೇ ಇತ್ತು.

ಇನ್ನು ಯೋಜೆ ಪ್ಲೆಚ್ನಿಕ್ ಅವರ ವಿಷಯಕ್ಕೆ ಬರುತ್ತೇನೆ. ಲುಬ್ಲಿಯಾನಾದಲ್ಲಿ 1872ರಲ್ಲಿ ಹುಟ್ಟಿ, ವಿಯೆನ್ನಾ ಮತ್ತು ಪ್ರಾಗ್‌ಗಳಲ್ಲಿ ಹೆಸರು ಮಾಡಿ, ಊರಿಗೆ ಮರಳಿ, 1957ರಲ್ಲಿ ತೀರಿಕೊಳ್ಳುವವರೆಗೆ ಆ ನಗರದ ಮುಖವನ್ನೇ ರೂಪಿಸಿದ ವಾಸ್ತುಶಿಲ್ಪಿ ಅವರು. ನದಿಯ ಮೇಲಿನ ತ್ರಿವಳಿ ಸೇತುವೆ, ರಾಷ್ಟ್ರೀಯ ಗ್ರಂಥಾಲಯ, ನದಿಯಂಚಿನ ಕಂಬಸಾಲಿನ ಮಾರುಕಟ್ಟೆ, ಎಲ್ಲವೂ ಅವರವೇ. ಕೋಟೆಗುಡ್ಡದ ಬೆನ್ನಿನ ಹಳೆಯ ರಕ್ಷಣಾ ದಿಬ್ಬಗಳ ಅವಶೇಷಗಳನ್ನು ಬಳಸಿಕೊಂಡು ‘ಶಾಂಸೆ’ ಎಂಬ ವಿಹಾರ ತಾಣವನ್ನು 1930ರ ದಶಕದಲ್ಲಿ ರೂಪಿಸಿದವರೂ ಅವರು. ಅಂಥ ಮನುಷ್ಯ, ಎರಡನೆಯ ಮಹಾಯುದ್ಧದ ಬಳಿಕ, 1947ರಲ್ಲಿ, ಸ್ಲೊವೇನಿಯಾದ ಸಂಸತ್ ಭವನಕ್ಕೆ ನಕ್ಷೆ ಹಾಕಿದಾಗ ಆರಿಸಿಕೊಂಡ ಜಾಗ ಈ ಗುಡ್ಡ. ಹಳೆಯ ಕೋಟೆಯನ್ನು ತೆಗೆದುಹಾಕಿ ಅದರ ಜಾಗದಲ್ಲಿ ಎಂಟು ಮೂಲೆಯ ಭವ್ಯ ಭವನ ಏಳಬೇಕು ಎಂಬುದು ಅವರ ಕಲ್ಪನೆಯಾಗಿತ್ತು.

ಹಳೆಯದನ್ನು ಪ್ರೀತಿಸಿದ ಪ್ಲೆಚ್ನಿಕ್ ಹೀಗೆ ಯೋಚಿಸಿದ್ದು ಮೊದಲು ನನಗೆ ಒಗಟಾಗಿ ಕಂಡಿತು. ಈಗ ಹಾಗೆನಿಸುವುದಿಲ್ಲ. ಶತಮಾನಗಳ ಕಾಲ ಪರರ ದೊರೆ, ಪರರ ಜೈಲರ್ ಕುಳಿತಿದ್ದ ನೆತ್ತಿಯ ಮೇಲೆ ಜನರ ಸಭೆ ಕುಳಿತುಕೊಳ್ಳಬೇಕೆಂಬ ಆಸೆ ಸಣ್ಣದಲ್ಲ. ಅವರಿಗೆ ಬೇಕಾದದ್ದು ಕೋಟೆಯ ಕಲ್ಲಲ್ಲ, ಎತ್ತರ. ಆದರೆ ಹತ್ತಲು ಕಷ್ಟವಾದ ಜಾಗದಲ್ಲಿ ಜನಪ್ರತಿನಿಧಿಗಳನ್ನು ಕೂರಿಸಿದರೆ ಜನ ಅವರನ್ನು ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಆ ನಕ್ಷೆಯಲ್ಲಿ ಉತ್ತರವಿಲ್ಲವೆಂದೇ ನನ್ನ ಭಾವನೆ. ಆ ಯೋಜನೆಯನ್ನು ಕೈಬಿಡಲಾಯಿತು. ಬಳಿಕ ಕೆಳಗಿನ ತಿವೋಲಿ ಉದ್ಯಾನಕ್ಕಾಗಿ ಅವರು ಇನ್ನೊಂದು ಸಂಸತ್ ಭವನವನ್ನು ಯೋಚಿಸಿದರು. ಮುಗಿಲಿಗೆ ಚಾಚಿದ ಶಂಕುವಿನಾಕಾರದ ಚಾವಣಿಯದು. ಅದೂ ಕಟ್ಟಲ್ಪಡಲಿಲ್ಲ.

ಆ ಪ್ರವಾಸದಿಂದ ಮರಳಿದ ಮೇಲೆ ನನ್ನ ಪರ್ಸಿನಲ್ಲಿ ಉಳಿದಿದ್ದ ಚಿಲ್ಲರೆಯಲ್ಲಿ ಒಂದು 10 ಸೆಂಟಿನ ನಾಣ್ಯ ಸಿಕ್ಕಿತು. ಅದನ್ನು ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಸ್ಲೊವೇನಿಯಾ 2007ರಲ್ಲಿ ಯೂರೋವನ್ನು ಒಪ್ಪಿಕೊಂಡಾಗ ಮುದ್ರಿಸಿದ ಆ ನಾಣ್ಯದ ಒಂದು ಮುಖದಲ್ಲಿ ಇರುವುದು ಎಂದೂ ಕಟ್ಟದ ಆ ಎರಡನೆಯ ಭವನ. ಪಕ್ಕದಲ್ಲಿ ‘ಕತೆದ್ರಾಲಾ ಸ್ವೊಬೊದೆ’, ಅಂದರೆ ಸ್ವಾತಂತ್ರ್ಯದ ದೇಗುಲ, ಎಂಬ ಅಕ್ಷರಗಳಿವೆ. ಓರೆಯಾಗಿ ಬೆಳಕಿಗೆ ಹಿಡಿದರೆ ಶಂಕುವಿನ ಅಂಚು ಮಿನುಗುತ್ತದೆ. ಬೇರೆ ದೇಶಗಳು ನಾಣ್ಯದ ಮೇಲೆ ಕಟ್ಟಿದ್ದನ್ನು ಅಚ್ಚೊತ್ತುತ್ತವೆ. ಇವರು ಕಟ್ಟದೆ ಉಳಿದದ್ದನ್ನು ಅಚ್ಚೊತ್ತಿ ಜೇಬಿನಲ್ಲಿ ತಿರುಗಾಡಿಸುತ್ತಾರೆ. ಆ ಕನಸಿನ ಮೊದಲ ರೂಪ ಕೈಗೂಡಿದ್ದರೆ ಇಂದು ನಾನು ಮಾತನಾಡುತ್ತಿರುವ ಕೋಟೆಯೇ ಇರುತ್ತಿರಲಿಲ್ಲ.

ಕುಟುಂಬಗಳು ಹೊರಟುಹೋದ ಮೇಲೆ, 1960ರ ದಶಕದ ಕೊನೆಗೆ ಆರಂಭವಾದ ಜೀರ್ಣೋದ್ಧಾರ ಹಲವು ದಶಕಗಳ ಕಾಲ ನಡೆಯಿತು. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಈ ಕೋಟೆಗೆ ಸರಿಯಾಗಿ ಹೊಂದುತ್ತದೆ. ಕೆಳಗಿನಿಂದ ಒಂದೇ ಕಾಲದ ಒಂದೇ ಕಟ್ಟಡದಂತೆ ಕಾಣುವ ಅದರ ಅಂಗಳದಲ್ಲಿ ನಿಂತರೆ ಗೋಥಿಕ್ ಕಮಾನಿನ ಪಕ್ಕದಲ್ಲಿ ಕಾಂಕ್ರೀಟು, ಉಕ್ಕು, ಗಾಜು ಎಲ್ಲವೂ ತಮ್ಮ ಹೊಲಿಗೆಗಳನ್ನು ಮುಚ್ಚಿಡದೆ ಕಾಣುತ್ತವೆ. ಹೊಸದನ್ನು ಹಳೆಯದೆಂದು ನಂಬಿಸದಿರುವ ಈ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ. ಅದರೊಡನೆ ಕೆಲವು ಗೋಡೆಗಳು ಅತಿಯಾಗಿ ನಯಗೊಂಡಿವೆ, ಒಳಗಿನ ಕೆಲವು ಹಾದಿಗಳು ಯಾವುದೋ ಸಮ್ಮೇಳನ ಭವನದ ಮೊಗಸಾಲೆಯಂತೆ ಇವೆ ಎಂಬ ಅಸಮಾಧಾನವನ್ನೂ ಹೇಳಬೇಕು. ಇಂದು ಅಲ್ಲಿ ಸ್ಲೊವೇನಿಯಾದ ಚರಿತ್ರೆಯ ಪ್ರದರ್ಶನವಿದೆ, ಸೂತ್ರದ ಗೊಂಬೆಗಳ ಸಂಗ್ರಹಾಲಯವಿದೆ, ಊಟದ ಹೋಟೆಲುಗಳಿವೆ, ಮದುವೆ ನೋಂದಣಿಯ ಸಭಾಂಗಣವಿದೆ, ಬೇಸಿಗೆಯ ರಾತ್ರಿಗಳಲ್ಲಿ ಅಂಗಳದಲ್ಲಿ ಬಯಲು ಸಿನೆಮಾ ನಡೆಯುತ್ತದೆ. ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿಗಳನ್ನೂ ನೆಟ್ಟಿದ್ದಾರೆ. ಹ್ರಿಬಾರ್ ಅವರ ವಸ್ತುಸಂಗ್ರಹಾಲಯದ ಆಸೆ ನೂರು ವರ್ಷ ತಡವಾಗಿ, ಅವರು ಊಹಿಸದ ಗದ್ದಲದೊಂದಿಗೆ, ಕೈಗೂಡಿದೆ.

ಅವರ ಇನ್ನೊಂದು ಆಸೆಯೂ ಕೈಗೂಡಿತು. ಗುಡ್ಡಕ್ಕೆ ಹಗ್ಗದಿಂದ ಎಳೆಯುವ ರೈಲು ಬೇಕೆಂಬ ಮಾತು ಅವರ ಕಾಲದಲ್ಲೇ ಎದ್ದಿತ್ತು. ಅದು ಓಡಲಾರಂಭಿಸಿದ್ದು 2006ರ ಡಿಸೆಂಬರ್‌ನಲ್ಲಿ. ಮಾರುಕಟ್ಟೆಯ ಬದಿಯಿಂದ ಹೊರಡುವ ಗಾಜಿನ ಡಬ್ಬಿ 120 ಮೀಟರಿಗೂ ತುಸು ಕಡಿಮೆ ಉದ್ದದ ಹಳಿಯ ಮೇಲೆ ಸುಮಾರು ಒಂದು ನಿಮಿಷದಲ್ಲಿ ಮೇಲಕ್ಕೆ ತಲುಪಿಸುತ್ತದೆ. ದುರ್ಗದಿಂದ ದುರ್ಗಮತೆಯನ್ನು ಕಳೆದರೆ ಏನು ಉಳಿಯುತ್ತದೆ ಎಂದು ನನ್ನನ್ನು ಕೇಳಿದರೆ, ನೋಟ ಉಳಿಯುತ್ತದೆ ಎನ್ನುವೆ. ಗೋಪುರದ ತುದಿಯಿಂದ ಕೆಂಪು ಹೆಂಚಿನ ಊರು, ಉತ್ತರಕ್ಕೆ ಆಲ್ಪ್ಸ್‌ನ ಹಿಮದ ಸಾಲು, ದಕ್ಷಿಣಕ್ಕೆ ಜೌಗುನೆಲದ ಹಸಿರು ಕಾಣುತ್ತವೆ. ಹೊಗೆ ಎದ್ದಿದೆಯೇ ಎಂದು ಒಬ್ಬ ಮನುಷ್ಯ ವರ್ಷವಿಡೀ ಕಣ್ಣಿಟ್ಟು ನೋಡುತ್ತಿದ್ದ ಜಾಗದಲ್ಲಿ ನಾವು ಟಿಕೆಟ್ ಕೊಂಡು ಐದು ನಿಮಿಷ ನಿಂತು ಫೋಟೊ ತೆಗೆದುಕೊಳ್ಳುತ್ತೇವೆ.

ಅಂಗಳಕ್ಕೆ ಹೋಗಲು ಮಾತ್ರ ಈಗಲೂ ಹಣ ಕೊಡಬೇಕಿಲ್ಲ. ನಾನು ಮಾರುಕಟ್ಟೆಯ ಹಿಂಬದಿಯಿಂದ ಮರಗಳ ನಡುವೆ ಏರುವ ಕಾಲುದಾರಿಯಲ್ಲಿ ನಡೆದೇ ಹೋದೆ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಮೂರನೆಯ ತಿರುವಿನಲ್ಲಿ ಒಬ್ಬ ವಯಸ್ಸಾದ ಹೆಂಗಸು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು, ನನ್ನನ್ನು ದಾಟಿ, ನಿಲ್ಲದೆ ಮೇಲೆ ಹತ್ತಿಹೋದರು.